ರಕ್ತದಲ್ಲಿ 92, ಕಣ್ಣಿನಲ್ಲಿ 24: ಅಳಿವೆಯಲ್ಲಿ ಸಿಕ್ಕ ಒಂದು ಶವದ ಮದ್ಯ ಪರೀಕ್ಷೆ

ಇದು ಉತ್ತರ ಕನ್ನಡ ಕರಾವಳಿಯ ಒಂದು ಪ್ರಕರಣ. ಊರು, ವರ್ಷ, ಬೋಟಿನ ಹೆಸರು, ಆಸ್ಪತ್ರೆ, ವಿಮಾ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ನಾಲ್ಕರಲ್ಲಿ ಯಾವುದೋ ಒಂದರ ಅಳಿವೆ ಅಂದುಕೊಳ್ಳಿ, ಸಾಕು. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ನಾನು ವಿಧಿವಿಜ್ಞಾನ ವೈದ್ಯ. ಈ ಪ್ರಕರಣಕ್ಕೆ ಬಂದಿದ್ದು ಕೊನೆಯಲ್ಲಿ, ಮನೆಯವರ ವಕೀಲರು ಎರಡನೇ ಅಭಿಪ್ರಾಯ ಕೇಳಿದಾಗ.

ನಡೆದದ್ದು

ಸತ್ತವರು ನಲವತ್ತರ ಆಸುಪಾಸಿನ ಖಲಾಸಿ. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನಲ್ಲಿ ಕೆಲಸ. ಅಕ್ಟೋಬರ್ ತಿಂಗಳು, ಹಿಂಗಾರಿನ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮಧ್ಯಾಹ್ನ ಬೋಟು ಧಕ್ಕೆಗೆ, ಅಂದರೆ ಜೆಟ್ಟಿಗೆ ಬಂತು. ಮೀನು ಇಳಿಸಿ, ಬಲೆ ತೊಳೆದು ಮುಗಿಸುವಾಗ ಸಂಜೆ ಐದಾಗಿತ್ತು. ರಾತ್ರಿ ಎಂಟೂವರೆ ಹೊತ್ತಿಗೆ ಗಾಳಿ ಎದ್ದಿತು. ಹಗ್ಗ ಸರಿ ಇದೆಯೋ ನೋಡಿ ಬರುತ್ತೇನೆ ಎಂದು ಬೋಟಿನ ಮುಖ್ಯಸ್ಥರಾದ ತಾಂಡೇಲರಿಗೆ ಹೇಳಿ ಇವರು ಎದ್ದರು. ಮೂರು ಬೋಟುಗಳನ್ನು ಒಂದರ ಪಕ್ಕ ಒಂದು ಕಟ್ಟಿದ್ದರು. ಇವರ ಬೋಟು ಮೂರನೆಯದು. ನಡುವೆ ಹಲಗೆ ಹಾಕಿದ್ದರು.

ಆ ಹಲಗೆಯ ಫೋಟೋ ಪಂಚನಾಮೆಯ ಜೊತೆ ಇತ್ತು. ಅಗಲ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಹಿಡಿದುಕೊಳ್ಳಲು ಹಗ್ಗ ಇಲ್ಲ, ಏನೂ ಇಲ್ಲ. ಮೇಲೆ ಮಳೆ ನೀರು, ಅದರಲ್ಲಿ ಅಂಟಿಕೊಂಡ ಮೀನಿನ ಹುರುಪೆ ಟಾರ್ಚಿನ ಬೆಳಕಿಗೆ ಹೊಳೆಯುತ್ತಿದೆ. ಒಂದು ತುದಿ ಎತ್ತರದ ಬೋಟಿನ ಮೇಲೆ, ಇನ್ನೊಂದು ತುದಿ ತಗ್ಗಿನ ಬೋಟಿನ ಮೇಲೆ. ಕಡತ ಓದುವವರು ಈ ಫೋಟೋವನ್ನು ತಿರುವಿಹಾಕಿ ಮುಂದೆ ಹೋಗಬಾರದು ಎಂದು ನನಗೆ ಆಗಲೇ ಅನ್ನಿಸಿತ್ತು.

ದಬ್ ಅಂತ ಸದ್ದು ಕೇಳಿತು ಎಂದು ಪಕ್ಕದ ಬೋಟಿನವರು ಹೇಳಿದರು. ಆಗ ಇಳಿತದ ಸೆಳೆತ ಜೋರಾಗಿತ್ತು. ರಾತ್ರಿಯೆಲ್ಲ ಹುಡುಕಿದರೂ ಸಿಗಲಿಲ್ಲ. ಎರಡೂವರೆ ದಿನ ಕಳೆದ ಮೇಲೆ, ಬೆಳಗಿನ ಇಳಿತದಲ್ಲಿ ಬಳಚು (ಚಿಪ್ಪುಮೀನು) ಆಯಲು ಹೋದ ಹೆಂಗಸರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಶವ ಕಂಡಿತು. ಅದೇ ದಿನ ಮಧ್ಯಾಹ್ನ ಪೋಸ್ಟ್‌ಮಾರ್ಟಂ ಆಯಿತು. ಸಾವಿಗೆ ಕಾರಣ ನೀರಿನಲ್ಲಿ ಮುಳುಗಿದ್ದು. ತಲೆಯ ಎಡಗಡೆ ಮೇಲ್ಭಾಗದಲ್ಲಿ, ತಲೆಚರ್ಮದ ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಶವ ಊದಿತ್ತು, ಹೊಟ್ಟೆಯ ಮೇಲೆ ಹಸಿರು ಬಣ್ಣ ಹರಡಿತ್ತು, ಚರ್ಮ ಸುಲಿಯಲು ಶುರುವಾಗಿತ್ತು. ಈ ಕೊನೆಯ ವಾಕ್ಯ ವರದಿಯಲ್ಲಿ ಒಂದೇ ಸಾಲು. ಮುಂದೆ ಇಡೀ ಪ್ರಕರಣ ತಿರುಗಿದ್ದು ಅದರ ಸುತ್ತಲೇ.

ಕೆಲವು ತಿಂಗಳ ನಂತರ ಪ್ರಯೋಗಾಲಯದ ವರದಿ ಬಂತು. ವಿಷ ಪತ್ತೆಯಾಗಿಲ್ಲ. ರಕ್ತದಲ್ಲಿ ಈಥೈಲ್ ಆಲ್ಕೋಹಾಲ್ (ಎಥನಾಲ್, ಅಂದರೆ ಕುಡಿಯುವ ಮದ್ಯ) 100 ಮಿಲಿಗೆ 92 ಮಿಲಿಗ್ರಾಂ.

ಮೃತರ ಹೆಸರಿನಲ್ಲಿ ಸಹಕಾರಿ ಸಂಘದ ಮೂಲಕ ಮಾಡಿಸಿದ ಗುಂಪು ಅಪಘಾತ ವಿಮೆ ಇತ್ತು. ಮದ್ಯದ ಅಮಲಿನಲ್ಲಿದ್ದಾಗ ಆದ ಅಪಘಾತಕ್ಕೆ ಪರಿಹಾರ ಇಲ್ಲ ಎಂಬ ಷರತ್ತು ಅದರಲ್ಲಿತ್ತು. ಕಂಪನಿಯ ಪತ್ರ ಚಿಕ್ಕದು: ಕಾನೂನಿನ ಮಿತಿ 30, ಮೃತರಲ್ಲಿದ್ದದ್ದು 92, ಅಂದರೆ ಮೂರು ಪಟ್ಟು, ಆದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಹೆಂಡತಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರು.

ಆ 30 ಎಲ್ಲಿಂದ ಬಂತು ಎಂದು ಮೊದಲು ಹೇಳಿಬಿಡುತ್ತೇನೆ. ಅದು 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನ ಅಂಕಿ. ವಾಹನ ಓಡಿಸುವವರಿಗೆ ಹಾಕಿದ ಮಿತಿ. ಹಲಗೆ ಮೇಲೆ ನಡೆಯುವವರಿಗೆ ಅಂಥ ಮಿತಿ ಯಾವ ಕಾನೂನಿನಲ್ಲೂ ಇಲ್ಲ. ವಿಮೆಯ ಷರತ್ತಿನಲ್ಲೂ ಅಂಕಿ ಇರಲಿಲ್ಲ, 'ಅಮಲಿನಲ್ಲಿ' ಎಂಬ ಮಾತಷ್ಟೇ ಇತ್ತು. ಆದರೂ ವಕೀಲರಿಂದ ಹಿಡಿದು ಊರಿನವರ ತನಕ ಎಲ್ಲರೂ 30 ಮತ್ತು 92ನ್ನೇ ಹಿಡಿದುಕೊಂಡಿದ್ದರು.

ಮನೆಯವರ ಮಾತು

ವಕೀಲರು ಮೊದಲು ಕೇಳಿದ್ದು ಇಷ್ಟೇ: "ಡಾಕ್ಟ್ರೇ, ಕೊಳೆತ ಶವದ ರಕ್ತ ನಂಬೋಕೆ ಆಗಲ್ಲ, ಇವರು ಕುಡಿದೇ ಇರಲಿಲ್ಲ ಅಂತ ಒಂದು ಪತ್ರ ಕೊಡಿ." ಜೊತೆಗೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಖಲಾಸಿಯೂ ಪೊಲೀಸರ ಮುಂದೆ, ಆ ದಿನ ಯಾರೂ ಕುಡಿದಿರಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದ.

ಹೆಂಡತಿಯ ಮಾತು ಬೇರೆ ಇತ್ತು. "ಕುಡೀತಿದ್ರು ಸರ್, ಸುಳ್ಳು ಯಾಕೆ ಹೇಳ್ಲಿ. ಆದ್ರೆ ತೂರಾಡೋ ಹಾಗೆ ಕುಡಿದು ಬೋಟ್ ಹತ್ತಿದವರಲ್ಲ." ಇದನ್ನು ಕೇಳಿ ವಕೀಲರ ಮುಖ ಸಣ್ಣದಾಯಿತು. ನನಗೆ ಮಾತ್ರ ಕೆಲಸ ಹಗುರಾಯಿತು. ಮನೆಯವರೇ ಸೊನ್ನೆ ಅಂತ ಪಟ್ಟು ಹಿಡಿಯದೆ ಇದ್ದರೆ, ಸೊನ್ನೆಗೂ 92ಕ್ಕೂ ನಡುವೆ ಎಲ್ಲಾದರೂ ನಿಲ್ಲಬಹುದಲ್ವಾ.

ಪತ್ರ ಬರೆಯುವ ಮೊದಲು ನಾಲ್ಕು ಕಾಗದ ಬೇಕು ಎಂದೆ: ಪೋಸ್ಟ್‌ಮಾರ್ಟಂ ವರದಿಯ ಪೂರ್ತಿ ಪ್ರತಿ, ಮಾದರಿಗಳ ಜೊತೆ ಪೊಲೀಸರು ಕಳಿಸಿದ ಪತ್ರ, ಪ್ರಯೋಗಾಲಯದ ವರದಿ, ಯಂತ್ರದಿಂದ ಬಂದ ಗ್ರಾಫಿನ ಪ್ರತಿ. ವಕೀಲರ ಹತ್ತಿರ ಮೂರನೆಯದು ಮಾತ್ರ ಇತ್ತು. ಉಳಿದವನ್ನು ಆಯೋಗದ ಮೂಲಕ ತರಿಸಬೇಕಾಯಿತು. ಅದಕ್ಕೇ ತಿಂಗಳುಗಳು ಹಿಡಿದವು.

92 ಎಲ್ಲಿಂದ ಬಂತು

ಬದುಕಿರುವ ಚಾಲಕನಾದರೆ ಊದಿಸಿ ನೋಡಬಹುದು. ಉಸಿರಿನಲ್ಲಿರುವ ಮದ್ಯಕ್ಕೂ ರಕ್ತದಲ್ಲಿರುವ ಮದ್ಯಕ್ಕೂ ಸುಮಾರು 1ಕ್ಕೆ 2100ರ ಅನುಪಾತ ಇದೆ ಎಂದು ಹಿಡಿದು ಯಂತ್ರ ಲೆಕ್ಕ ಹಾಕುತ್ತದೆ. ಸತ್ತವರಲ್ಲಿ ರಕ್ತವನ್ನೇ ಪರೀಕ್ಷಿಸಬೇಕು. ಅದಕ್ಕೆ ಬಳಸುವುದು ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮ್ಯಾಟೋಗ್ರಫಿ. ಸ್ವಲ್ಪ ರಕ್ತವನ್ನು ಗಟ್ಟಿ ಮುಚ್ಚಳದ ಸಣ್ಣ ಸೀಸೆಗೆ ಹಾಕಿ ಬಿಸಿ ಮಾಡುತ್ತಾರೆ. ಮದ್ಯ ಆವಿಯಾಗಿ ಮೇಲಿನ ಖಾಲಿ ಜಾಗಕ್ಕೆ ಏರುತ್ತದೆ. ಆ ಆವಿಯನ್ನು ಎಳೆದು ಉದ್ದನೆಯ ಸಪೂರ ಕೊಳವೆಯಲ್ಲಿ ಹಾಯಿಸುತ್ತಾರೆ. ಮೆಥನಾಲ್, ಎಸಿಟಾಲ್ಡಿಹೈಡ್, ಎಥನಾಲ್, ಅಸಿಟೋನ್ ಒಂದೊಂದೂ ತನ್ನ ತನ್ನ ಹೊತ್ತಿಗೆ ಹೊರಬಂದು ಗ್ರಾಫಿನಲ್ಲಿ ಒಂದೊಂದು ಏರು ಮೂಡಿಸುತ್ತದೆ. ಹೋಲಿಸಲು ಪ್ರಯೋಗಾಲಯವೇ ತಿಳಿದ ಪ್ರಮಾಣದ ಇನ್ನೊಂದು ಆಲ್ಕೋಹಾಲನ್ನು ಎಲ್ಲ ಸೀಸೆಗೂ ಸೇರಿಸುತ್ತದೆ. ಇದು ಒಳ್ಳೆಯ ವಿಧಾನ. ಎಥನಾಲನ್ನು ಬೇರೆ ಯಾವುದರ ಜೊತೆಗೂ ಸುಲಭಕ್ಕೆ ಗೊಂದಲ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಪ್ರಯೋಗಾಲಯ ತಪ್ಪು ಮಾಡಿದೆ ಎಂಬ ವಾದಕ್ಕೆ ನಾನು ಕೈ ಹಾಕಲಿಲ್ಲ. ಆ ಸೀಸೆಯಲ್ಲಿ 92 ಇದ್ದದ್ದು ನಿಜ.

ಪ್ರಶ್ನೆ ಇದ್ದದ್ದು ಬೇರೆ. ಸೀಸೆಯಲ್ಲಿ ಇದ್ದದ್ದು ಆ ರಾತ್ರಿ ಎಂಟೂವರೆಗೆ ಆ ಮನುಷ್ಯನ ಮೈಯಲ್ಲೂ ಇತ್ತೇ?

ಬೆಳಿಗ್ಗೆ ಇಳಿಸಿದ ಸಿಹಿ ನೀರಾ ಮಧ್ಯಾಹ್ನಕ್ಕೆ ಕಳ್ಳಾಗುತ್ತಲ್ವಾ, ಸತ್ತ ದೇಹದಲ್ಲೂ ಹೆಚ್ಚುಕಡಿಮೆ ಅದೇ ಕೆಲಸ ನಡೆಯುತ್ತದೆ. ಜೀವ ಹೋದ ಮೇಲೆ ಕರುಳಿನ ಬ್ಯಾಕ್ಟೀರಿಯಾ, ಕ್ಯಾಂಡಿಡಾದಂಥ ಯೀಸ್ಟ್ ರಕ್ತನಾಳಗಳಿಗೆ ನುಗ್ಗುತ್ತವೆ. ಅಲ್ಲಿ ಗ್ಲೂಕೋಸ್ ಇರುತ್ತದೆ. ಅದನ್ನು ತಿಂದು ಎಥನಾಲ್ ಬಿಡುತ್ತವೆ. ಬಿಸಿಲು, ಸೆಕೆ, ಬೆಚ್ಚಗಿನ ಹಿನ್ನೀರು ಇದ್ದರೆ ಕೆಲಸ ಇನ್ನೂ ಬೇಗ. ಹೀಗೆ ಹುಟ್ಟಿದ ಮದ್ಯ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆದರೆ 100 ದಾಟಿದ ಉದಾಹರಣೆಗಳೂ ದಾಖಲಾಗಿವೆ. ಕುಡಿದು ಬಂದ ಎಥನಾಲಿಗೂ ಕೊಳೆತು ಹುಟ್ಟಿದ ಎಥನಾಲಿಗೂ ರಾಸಾಯನಿಕವಾಗಿ ಕೂದಲಷ್ಟೂ ವ್ಯತ್ಯಾಸ ಇಲ್ಲ. ಯಂತ್ರಕ್ಕೆ ಎರಡೂ ಒಂದೇ.

ಕಾಗದಗಳು ಬಂದ ಮೇಲೆ ನಾನು ಮೊದಲು ನೋಡಿದ್ದು ಒಳಾಂಗಗಳನ್ನು ಯಾವುದರಲ್ಲಿ ಹಾಕಿ ಕಳಿಸಿದ್ದಾರೆ ಎಂದು. ಶವಾಗಾರದ ಕಪಾಟಿನಲ್ಲಿ ಉಪ್ಪಿನ ದ್ರಾವಣ ಮತ್ತು ರೆಕ್ಟಿಫೈಡ್ ಸ್ಪಿರಿಟ್ ಅಕ್ಕಪಕ್ಕ ಇರುತ್ತವೆ. ಸ್ಪಿರಿಟ್ ಅಂದರೆ ಮದ್ಯವೇ. ಮದ್ಯದ ಅನುಮಾನ ಇದ್ದಾಗ ಅದನ್ನು ಬಳಸಲೇಬಾರದು. ಇಲ್ಲಿ ಉಪ್ಪಿನ ದ್ರಾವಣವನ್ನೇ ಬಳಸಿದ್ದರು. ಆ ಅನುಮಾನ ಅಲ್ಲಿಗೆ ಮುಗಿಯಿತು.

ರಕ್ತದ ವಿಷಯ ಅಷ್ಟು ಸಲೀಸಾಗಿರಲಿಲ್ಲ. ತೆಗೆದದ್ದು ಹೃದಯದ ಕೋಣೆಯಿಂದ. ಶವದಲ್ಲಿ ಹೃದಯ ಹೊಟ್ಟೆಗೂ ಕರುಳಿಗೂ ಹತ್ತಿರ. ಹೊಟ್ಟೆಯಲ್ಲಿ ಉಳಿದ ಮದ್ಯವೂ ಅಲ್ಲಿಗೆ ಸೋರಬಹುದು, ಕೊಳೆತವೂ ಅಲ್ಲಿಗೆ ಬೇಗ ಮುಟ್ಟುತ್ತದೆ. ಅದಕ್ಕೇ ತೊಡೆಯ ದೊಡ್ಡ ರಕ್ತನಾಳದಿಂದ ತೆಗೆಯಿರಿ ಎಂದು ನಾವು ಹೇಳುವುದು. ಇನ್ನು ಟ್ಯೂಬು. ಬೂದು ಬಣ್ಣದ ಮುಚ್ಚಳದ, ವಾರ್ಡಿನಲ್ಲಿ ಸಕ್ಕರೆ ಪರೀಕ್ಷೆಗೆ ಬಳಸುವ ಎರಡು ಮಿಲಿಯ ಟ್ಯೂಬುಗಳು. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ ನಿಜ. ಆದರೆ ಮಿಲಿಗೆ ಸುಮಾರು ಎರಡೂವರೆ ಮಿಲಿಗ್ರಾಂ ಅಷ್ಟೇ. ಮದ್ಯ ಪರೀಕ್ಷೆಯ ರಕ್ತಕ್ಕೆ ಮಿಲಿಗೆ ಕನಿಷ್ಠ 10 ಮಿಲಿಗ್ರಾಂ ಬೇಕು. ಕಡಿಮೆ ಫ್ಲೋರೈಡ್ ಹಾಕಿದರೆ ಟ್ಯೂಬಿನ ಒಳಗೂ ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸುತ್ತವೆ. ಪೆಟ್ಟಿಗೆ ಪ್ರಯೋಗಾಲಯ ಮುಟ್ಟುವ ಮೊದಲು ಕೆಲವು ದಿನ ಠಾಣೆಯಲ್ಲಿ, ಫ್ರಿಜ್ ಇಲ್ಲದ ಜಾಗದಲ್ಲಿ ಇತ್ತು.

ಇಷ್ಟು ಇಟ್ಟುಕೊಂಡು 92 ನಂಬಲರ್ಹ ಅಲ್ಲ ಎಂದು ಬರೆಯಬಹುದಿತ್ತು. ವಕೀಲರಿಗೂ ಅಷ್ಟೇ ಬೇಕಿತ್ತು. ಆದರೆ ನಂಬಲರ್ಹ ಅಲ್ಲ ಅಂದ ತಕ್ಷಣ ಸುಳ್ಳು ಎಂದಾಗುವುದಿಲ್ಲ. ಎದುರಿನವರು ಒಂದೇ ಪ್ರಶ್ನೆ ಕೇಳಿದರೆ ಸಾಕಿತ್ತು: ಹಾಗಾದರೆ ಎಷ್ಟಿತ್ತು?

ಸೀಸೆ ನಾಲ್ಕು ಮತ್ತು ಐದು

ಪೊಲೀಸರ ಪತ್ರದಲ್ಲಿ ಕಳಿಸಿದ ವಸ್ತುಗಳ ಪಟ್ಟಿ ಇತ್ತು. ಒಂದು, ಹೊಟ್ಟೆ ಮತ್ತು ಕರುಳಿನ ತುಂಡು. ಎರಡು, ಯಕೃತ್ತು ಮತ್ತು ಮೂತ್ರಪಿಂಡ. ಮೂರು, ರಕ್ತ. ನಾಲ್ಕು, ಕಣ್ಣಿನ ದ್ರವ. ಐದು, ಮೂತ್ರ. ಆರು, ಉಪ್ಪಿನ ದ್ರಾವಣದ ಮಾದರಿ.

ನಾಲ್ಕು ಮತ್ತು ಐದನ್ನು ನೋಡಿ ನಾನು ಪತ್ರವನ್ನು ಮತ್ತೊಮ್ಮೆ ಮೊದಲಿಂದ ಓದಿದೆ. ಪೋಸ್ಟ್‌ಮಾರ್ಟಂ ಮಾಡಿದ ಯುವ ವೈದ್ಯೆ, ಯಾರೂ ಹೇಳದಿದ್ದರೂ, ಎರಡೂ ಕಣ್ಣುಗುಡ್ಡೆಯಿಂದ ಸಿರಿಂಜಿನಲ್ಲಿ ಲೋಳೆಯಂಥ ದ್ರವವನ್ನು ತೆಗೆದಿದ್ದರು. ಅದಕ್ಕೆ ವಿಟ್ರಿಯಸ್ ಎನ್ನುತ್ತೇವೆ. ಮೂತ್ರಕೋಶದಲ್ಲಿ ಇದ್ದ ಸ್ವಲ್ಪ ಮೂತ್ರವನ್ನೂ ಫ್ಲೋರೈಡ್ ಹಾಕಿ ಕಳಿಸಿದ್ದರು. ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಯಾರದ್ದು ಎಂದು ಕೇಳಿದರೆ ನಾನು ಅವರ ಕಡೆ ಕೈ ತೋರಿಸುತ್ತೇನೆ.

ಹಾಗಾದರೆ ವರದಿಯಲ್ಲಿ ಅವು ಯಾಕಿಲ್ಲ? ಅದೇ ಪತ್ರದ ಕೆಳಗೆ ಉತ್ತರ ಇತ್ತು. ಪ್ರಯೋಗಾಲಯಕ್ಕೆ ಕೇಳಿದ ಪ್ರಶ್ನೆಗಳು ಎರಡೇ: ಒಳಾಂಗಗಳಲ್ಲಿ ವಿಷ ಇದೆಯೇ, ರಕ್ತದಲ್ಲಿ ಮದ್ಯ ಇದೆಯೇ. ಪ್ರಯೋಗಾಲಯ ಎರಡಕ್ಕೂ ಉತ್ತರ ಕೊಟ್ಟಿತ್ತು. ಕಣ್ಣಿನಲ್ಲಿ ಮದ್ಯ ಇದೆಯೇ ಎಂದು ಯಾರೂ ಕೇಳಿರಲಿಲ್ಲ. ಸೀಸೆಗಳು ಸೀಲು ಒಡೆಯದೆ ಡೀಪ್ ಫ್ರೀಜರಿನಲ್ಲಿ ಇದ್ದವು.

ಕಣ್ಣು ಯಾಕೆ ಮುಖ್ಯ ಅಂದರೆ, ಕಣ್ಣುಗುಡ್ಡೆ ಗಟ್ಟಿ ಪೊರೆಯ ಒಳಗೆ ಮುಚ್ಚಿಕೊಂಡಿದೆ, ಕರುಳಿನಿಂದ ದೂರ ಇದೆ. ಕೊಳೆತ ಅಲ್ಲಿಗೆ ತಡವಾಗಿ ಬರುತ್ತದೆ. ಬದುಕಿದ್ದಾಗ ಕುಡಿದ ಮದ್ಯ ರಕ್ತದಿಂದ ಅಲ್ಲಿಗೂ ಸೇರುತ್ತದೆ. ವಿಟ್ರಿಯಸ್‌ನಲ್ಲಿ ನೀರಿನ ಅಂಶ ಜಾಸ್ತಿ, ಹಾಗಾಗಿ ಮದ್ಯದ ಪ್ರಮಾಣವೂ ರಕ್ತಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 1.2 ಪಟ್ಟು. ಮೂತ್ರದಲ್ಲಿ ಸುಮಾರು 1.3 ಪಟ್ಟು.

ಆಯೋಗಕ್ಕೆ ಅರ್ಜಿ ಹಾಕುವಾಗ ಒಂದು ಅಪಾಯ ಇತ್ತು. ಕಣ್ಣಿನಲ್ಲೂ 110 ಬಂದರೆ? ಆಗ 92 ನಿಜ ಎಂದು ನಾವೇ ಸಾಬೀತು ಮಾಡಿಕೊಟ್ಟಂತೆ. ವಕೀಲರು ಎರಡು ವಾರ ಯೋಚಿಸಿದರು. ಷರತ್ತನ್ನು ಸಾಬೀತು ಮಾಡುವ ಹೊಣೆ ವಿಮಾ ಕಂಪನಿಯದ್ದು, ನಾವ್ಯಾಕೆ ಸುಮ್ನೆ ಹುತ್ತಕ್ಕೆ ಕೈ ಹಾಕೋದು ಎಂಬುದು ಅವರ ತರ್ಕ. ಕಾನೂನಿನ ದೃಷ್ಟಿಯಲ್ಲಿ ತಪ್ಪಲ್ಲ. ಕೊನೆಗೆ ನಿರ್ಧಾರ ಮಾಡಿದವರು ಹೆಂಡತಿ. "ಇದ್ದದ್ದು ಗೊತ್ತಾಗ್ಲಿ ಸರ್. ಊರಲ್ಲಿ ಎಲ್ಲರೂ ಕುಡಿದು ಬಿದ್ದು ಸತ್ತ ಅಂತಾರೆ. ನನ್ನ ಮಗ ಅದನ್ನ ಕೇಳ್ತಾ ಬೆಳೀಬೇಕಾ?"

ಗೋವಾ ಕ್ವಾರ್ಟರ್

ಅರ್ಜಿ ಹಾಕಿದ ಸುದ್ದಿ ತಿಳಿದು ಆ ಇನ್ನೊಬ್ಬ ಖಲಾಸಿ ವಕೀಲರ ಮನೆಗೆ ಬಂದ. ಆ ದಿನ ಕುಡಿದದ್ದು ನಿಜ ಎಂದ. ಸಂಜೆ ಐದಕ್ಕೆ, ಮೀನು ಇಳಿಸಿದ ಮೇಲೆ, ಇಬ್ಬರೂ ಒಂದು ಕ್ವಾರ್ಟರ್ ವಿಸ್ಕಿ ಹಂಚಿಕೊಂಡಿದ್ದರು. ಪೊಲೀಸರಿಗೆ ಯಾಕೆ ಹೇಳಲಿಲ್ಲ? ಬಾಟಲಿ ಗೋವಾದ್ದು. ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟಿಸಿ ತಂದ ಮಾಲು. ಸಾವಿನ ಕೇಸಿನ ಜೊತೆ ಅಬಕಾರಿ ಕೇಸೂ ಮೈಮೇಲೆ ಬಂದರೆ ಎಂಬ ಹೆದರಿಕೆ. ಕಾರವಾರದ ಕಡೆಯವರಿಗೆ ಈ ಹೆದರಿಕೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಲೆಕ್ಕಕ್ಕೆ ಕೂತೆ. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲಿ ಪ್ರಕಟಿಸಿದ ಸೂತ್ರವನ್ನು ಇವತ್ತಿಗೂ ಬಳಸುತ್ತೇವೆ. ಕುಡಿದ ಶುದ್ಧ ಮದ್ಯದ ತೂಕವನ್ನು, ಮೈತೂಕ ಮತ್ತು ಒಂದು ಗುಣಕದ ಗುಣಲಬ್ಧದಿಂದ ಭಾಗಿಸಬೇಕು. ಗಂಡಸರಿಗೆ ಆ ಗುಣಕ ಸರಾಸರಿ 0.68. ಆಮೇಲೆ ಕಳೆದ ಗಂಟೆಗಳಲ್ಲಿ ಯಕೃತ್ತು ಕರಗಿಸಿದ್ದನ್ನು ಕಳೆಯಬೇಕು, 100 ಮಿಲಿ ರಕ್ತಕ್ಕೆ ಗಂಟೆಗೆ ಸರಾಸರಿ 15 ಮಿಲಿಗ್ರಾಂ, ಹೆಚ್ಚಿನವರಲ್ಲಿ 10ರಿಂದ 20ರ ಒಳಗೆ.

ಮೈತೂಕಕ್ಕೆ ಪೋಸ್ಟ್‌ಮಾರ್ಟಂ ವರದಿ ನಂಬಲಿಲ್ಲ. ನೀರಿನಲ್ಲಿ ಊದಿದ ಶವದ ತೂಕ ಅದು. ಕೆಲವು ತಿಂಗಳ ಹಿಂದೆ ಜ್ವರಕ್ಕೆ ತೋರಿಸಿದ ಚೀಟಿಯಲ್ಲಿ 58 ಕಿಲೋ ಎಂದಿತ್ತು, ಅದನ್ನು ಹಿಡಿದೆ. ಕ್ವಾರ್ಟರ್ ಅಂದರೆ 180 ಮಿಲಿ, ಶೇ. 42.8 ಮದ್ಯ, ಮಿಲಿಗೆ 0.789 ಗ್ರಾಂ. ಒಟ್ಟು ಸುಮಾರು 61 ಗ್ರಾಂ. ಅರ್ಧ ಕ್ವಾರ್ಟರ್ 30 ಗ್ರಾಂ.

ಅರ್ಧ ಕುಡಿದಿದ್ದರೆ ಹೆಚ್ಚೆಂದರೆ 77 ಏರಬೇಕು. ಐದರಿಂದ ಎಂಟೂವರೆ, ಮೂರೂವರೆ ಗಂಟೆಯಲ್ಲಿ 52 ಇಳಿದು ಸುಮಾರು 25 ಉಳಿಯಬೇಕು. ಇಳಿಯುವ ವೇಗ ಹೆಚ್ಚುಕಡಿಮೆ ಆದರೆ 7ರಿಂದ 42ರ ಒಳಗೆ ಎಲ್ಲಾದರೂ.

ಪೂರ್ತಿ ಕ್ವಾರ್ಟರ್ ಒಬ್ಬರೇ ಕುಡಿದಿದ್ದರೆ? 155 ಏರಿ, ಎಂಟೂವರೆಗೆ 103. ವೇಗದ ವ್ಯತ್ಯಾಸ ಹಿಡಿದರೆ 85ರಿಂದ 120. ಅಂದರೆ 92 ಅದರೊಳಗೆ ಸರಿಯಾಗಿ ಕೂರುತ್ತದೆ.

ಇದನ್ನು ನೋಡಿ ನಾನು ಪೆನ್ನು ಕೆಳಗಿಟ್ಟೆ. ಒಂದೇ ಬಾಟಲಿ. ಹಂಚಿಕೊಂಡರೆ ಒಂದು ಉತ್ತರ, ಒಬ್ಬರೇ ಕುಡಿದರೆ ಇನ್ನೊಂದು. ಎರಡೂ ಸಾಧ್ಯ. ಒಮ್ಮೆ ಸುಳ್ಳು ಹೇಳಿದ ಸಾಕ್ಷಿಯ ಮಾತಿನ ಮೇಲೆ ಎಲ್ಲ ನಿಂತಿದೆ. ವಿಡ್‌ಮಾರ್ಕ್ ಲೆಕ್ಕವನ್ನು ತೀರ್ಪಿನ ಹಾಗೆ ಬಳಸುವವರು ಇಂಥ ಪ್ರಕರಣ ಒಮ್ಮೆ ನೋಡಬೇಕು. ಕೊಟ್ಟದ್ದನ್ನು ಅದು ಕೂಡಿಸಿ ಕಳೆದು ಹಿಂದೆ ಕೊಡುತ್ತದೆ, ಸಾಕ್ಷಿ ನಿಜ ಹೇಳಿದನೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಮರುಪರೀಕ್ಷೆ

ಆಯೋಗ ಒಪ್ಪಿತು. ಕಣ್ಣಿನ ದ್ರವ, ಮೂತ್ರ, ಜೊತೆಗೆ ಉಳಿದಿದ್ದ ರಕ್ತ ಮೂರನ್ನೂ ಒಂದೇ ದಿನ, ಒಂದೇ ಯಂತ್ರದಲ್ಲಿ ಪರೀಕ್ಷಿಸಲು ಕೋರಿದ್ದೆವು. ಇನ್ನೊಂದು ಕೋರಿಕೆ ಸಣ್ಣದಾಗಿ ಕಂಡರೂ ನನಗೆ ಅದೇ ಮುಖ್ಯವಾಗಿತ್ತು. ಮೊದಲ ಸಲ ಹೋಲಿಕೆಗೆ ಸೇರಿಸಿದ್ದ ಆಲ್ಕೋಹಾಲ್ ಎನ್-ಪ್ರೊಪನಾಲ್. ಇದು ಎಲ್ಲ ಕಡೆ ರೂಢಿಯಲ್ಲಿರುವುದೇ. ತೊಂದರೆ ಏನೆಂದರೆ, ದೇಹ ಕೊಳೆಯುವಾಗ ಎಥನಾಲಿನ ಜೊತೆ ಸ್ವಲ್ಪ ಎನ್-ಪ್ರೊಪನಾಲ್ ಕೂಡ ಹುಟ್ಟುತ್ತದೆ. ಕೊಳೆತಕ್ಕೆ ಅದೊಂದು ಗುರುತು. ಪ್ರಯೋಗಾಲಯವೇ ಅದನ್ನು ಸುರಿದರೆ ಆ ಗುರುತು ಅದರಡಿ ಮುಚ್ಚಿಹೋಗುತ್ತದೆ. ಹಾಗಾಗಿ ಈ ಸಲ ಟರ್ಷರಿ ಬ್ಯುಟನಾಲ್ ಬಳಸಲು ಕೇಳಿದೆವು. ಅವರು ತಕರಾರಿಲ್ಲದೆ ಮಾಡಿಕೊಟ್ಟರು.

ಕಣ್ಣಿನ ದ್ರವದಲ್ಲಿ 24. ಮೂತ್ರದಲ್ಲಿ 31. ಉಳಿದ ರಕ್ತದಲ್ಲಿ 86, ಜೊತೆಗೆ ಎನ್-ಪ್ರೊಪನಾಲ್ ಮತ್ತು ಎನ್-ಬ್ಯುಟನಾಲ್ ಎರಡರ ಸಣ್ಣ ಏರುಗಳು, ಎರಡೂ ಕೊಳೆತದ ಗುರುತುಗಳು. ಕಣ್ಣಿನಲ್ಲೂ ಮೂತ್ರದಲ್ಲೂ ಅವು ಇರಲಿಲ್ಲ.

24ನ್ನು 1.2ರಿಂದ ಭಾಗಿಸಿದರೆ 20. 31ನ್ನು 1.3ರಿಂದ ಭಾಗಿಸಿದರೆ 24. ದೇಹದ ಎರಡು ಬೇರೆ ಬೇರೆ ಮೂಲೆಯಿಂದ ಬಂದ ಉತ್ತರಗಳು ಹತ್ತಿರ ಹತ್ತಿರ ಇದ್ದವು, ಅರ್ಧ ಕ್ವಾರ್ಟರಿನ ಲೆಕ್ಕಕ್ಕೂ ಹೊಂದಿದವು. ಈಗ ಸಾಕ್ಷಿಯ ಮಾತಿಗೆ ಆಧಾರ ಸಿಕ್ಕಿತು.

ಕಂಪನಿ ಕಡೆಯ ತಜ್ಞರು ಸುಮ್ಮನೆ ಕೂರಲಿಲ್ಲ, ಕೂರಬೇಕಾಗಿಯೂ ಇರಲಿಲ್ಲ. ಅವರ ಎರಡು ಆಕ್ಷೇಪಗಳು ಗಟ್ಟಿಯಾಗಿದ್ದವು. ಒಂದು, ಶವ ನೀರಿನಲ್ಲಿ ಇದ್ದದ್ದರಿಂದ ಕಣ್ಣಿನ ಮದ್ಯ ಹೊರಗೆ ಸೋರಿರಬಹುದು. ಇದು ನಿಜಕ್ಕೂ ಆಗುವಂಥದ್ದು. ಆದರೆ ಮೂತ್ರಕೋಶ ಸೊಂಟದ ಮೂಳೆಗಳ ನಡುವೆ ಆಳದಲ್ಲಿದೆ. ಕಣ್ಣಿನಿಂದ ಮದ್ಯದ ಮುಕ್ಕಾಲು ಪಾಲು ಸೋರಿಹೋಗಿದ್ದರೆ, ಮೂತ್ರದಲ್ಲಿ ನೂರಕ್ಕಿಂತ ಹೆಚ್ಚು ಉಳಿದಿರಬೇಕಿತ್ತು. ಎರಡು, ಇಷ್ಟು ತಿಂಗಳು ಇಟ್ಟ ಮಾದರಿಯಿಂದ ಮದ್ಯ ಆವಿಯಾಗಿರಬಹುದು. ಇದಕ್ಕೆ ಉತ್ತರ ಆ ಉಳಿದ ರಕ್ತದಲ್ಲೇ ಇತ್ತು. ಅದೂ ಅದೇ ಫ್ರೀಜರಿನಲ್ಲಿ, ಅಷ್ಟೇ ಕಾಲ ಇತ್ತು. ಇಳಿದದ್ದು 92ರಿಂದ 86ಕ್ಕೆ ಮಾತ್ರ. ರಕ್ತವನ್ನು ಮತ್ತೆ ಪರೀಕ್ಷಿಸಲು ಕೇಳಿದ್ದು ಈ ಕಾರಣಕ್ಕೇ. ಇನ್ನು ಕಣ್ಣಿನ ದ್ರವದ ಸೀಸೆಗೆ ಫ್ಲೋರೈಡ್ ಹಾಕಿರಲಿಲ್ಲ. ಅದು ಕೊರತೆಯೇ. ಆದರೆ ಆ ಕೊರತೆಯಿಂದ ಅಂಕಿ ಇಳಿಯುವುದಕ್ಕಿಂತ ಏರುವ ಸಾಧ್ಯತೆಯೇ ಹೆಚ್ಚು. ತಪ್ಪಾಗಿದ್ದರೆ ಬಹುಮಟ್ಟಿಗೆ ಕಂಪನಿಗೇ ಲಾಭ ಆಗುವ ತಪ್ಪು ಅದು.

ಮೂತ್ರದಲ್ಲಿ ಈಥೈಲ್ ಗ್ಲುಕುರೊನೈಡ್ ನೋಡಿದ್ದರೆ ಚೆನ್ನಾಗಿತ್ತು. ಬದುಕಿದ್ದಾಗ ಯಕೃತ್ತು ಮದ್ಯವನ್ನು ಕರಗಿಸುವಾಗ ಹುಟ್ಟುವ ವಸ್ತು ಅದು. ಕೊಳೆತದಿಂದ ಹುಟ್ಟುವ ಮದ್ಯದ ಜೊತೆ ಅದು ಬರುವುದಿಲ್ಲ. ಈ ಪ್ರಕರಣದಲ್ಲಿ ಆ ಪರೀಕ್ಷೆ ಆಗಲಿಲ್ಲ. ಕುಡಿದದ್ದನ್ನು ನಮ್ಮ ಕಡೆಯವರೇ ಒಪ್ಪಿಕೊಂಡ ಮೇಲೆ ಅದರ ಅವಸರವೂ ಇರಲಿಲ್ಲ.

ನಾನು ಬರೆದ ಅಭಿಪ್ರಾಯ

ಮೂರು ವಾಕ್ಯ. ಮೃತರು ಸಾಯುವ ಕೆಲವು ಗಂಟೆ ಮೊದಲು ಮದ್ಯ ಕುಡಿದಿದ್ದರು. ಸಾಯುವ ಹೊತ್ತಿಗೆ ರಕ್ತದಲ್ಲಿ ಅದರ ಪ್ರಮಾಣ 100 ಮಿಲಿಗೆ 20ರಿಂದ 25 ಮಿಲಿಗ್ರಾಂ ಆಸುಪಾಸು ಇದ್ದಿರುವ ಸಾಧ್ಯತೆ ಹೆಚ್ಚು. ಮೊದಲ ವರದಿಯ 92ರಲ್ಲಿ ಬಹುಪಾಲು ಸಾವಿನ ನಂತರ ಹುಟ್ಟಿದ್ದು.

ವಕೀಲರಿಗೆ ಮೊದಲ ವಾಕ್ಯ ಇಷ್ಟ ಆಗಲಿಲ್ಲ. ಅದನ್ನು ತೆಗೆದು ಎರಡನೆಯದರಿಂದ ಶುರು ಮಾಡಿ ಎಂದರು. ಆಗುವುದಿಲ್ಲ ಎಂದೆ. ಮೊದಲ ವಾಕ್ಯ ಇದ್ದುದಕ್ಕೇ ಎರಡನೆಯದಕ್ಕೆ ಬೆಲೆ ಬಂತು ಎಂದು ಪಾಟಿ ಸವಾಲಿನ ದಿನ ಅವರಿಗೇ ಗೊತ್ತಾಯಿತು.

ಪಾಟಿ ಸವಾಲಿನಲ್ಲಿ ಕಂಪನಿಯ ವಕೀಲರು ನೇರ ವಿಷಯಕ್ಕೆ ಬಂದರು. "20 ಇದ್ದರೂ ಮೈಮೇಲೆ ಪರಿಣಾಮ ಇರುತ್ತದೆ ಅಲ್ಲವೇ?" ಇರಬಹುದು ಎಂದೆ. ಗಮನ ಹಂಚಬೇಕಾದ ಕೆಲಸಗಳಲ್ಲಿ ಕಡಿಮೆ ಪ್ರಮಾಣದಲ್ಲೂ ವ್ಯತ್ಯಾಸ ಕಾಣುತ್ತದೆ. ಆದರೆ ಈ ಮನುಷ್ಯನಿಗೆ ಆ ರಾತ್ರಿ ಕಾಲು ಜಾರಿದ್ದು ಮದ್ಯದಿಂದಲೇ ಎಂದು 20 ಎಂಬ ಅಂಕಿ ಹೇಳುವುದಿಲ್ಲ. ಅದಕ್ಕೆ ಬೇರೆ ಸಾಕ್ಷ್ಯ ಬೇಕು. "ಈಜು ಬಲ್ಲ ಮೀನುಗಾರ ಹಾಗೆಲ್ಲ ಮುಳುಗುತ್ತಾನೆಯೇ?" ತಲೆಯ ಪೆಟ್ಟಿನ ಪುಟ ತೋರಿಸಿದೆ. ಬೀಳುವಾಗ ಬೋಟಿನ ಅಂಚು ತಲೆಗೆ ಬಡಿದಿದ್ದರೆ ಈಜು ಬಂದೂ ಪ್ರಯೋಜನ ಇಲ್ಲ.

ಅವರು 2021ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಮುಂದಿಟ್ಟರು. ಕಾರು ಅಪಘಾತದ ವಿಮೆಯ ಆ ಪ್ರಕರಣದಲ್ಲಿ, ರಕ್ತ ಅಥವಾ ಉಸಿರಿನ ಪರೀಕ್ಷೆ ಇಲ್ಲದಿದ್ದರೂ ಸುತ್ತಲಿನ ಸಂಗತಿಗಳಿಂದ ಅಮಲನ್ನು ಸಾಬೀತು ಮಾಡಬಹುದು ಎಂದು ಕೋರ್ಟು ಹೇಳಿದೆ. ಸರಿಯೇ. ಇಲ್ಲಿ ಸುತ್ತಲಿನ ಸಂಗತಿ ಏನು? ಏಳೂವರೆಗೆ ಊಟ ಮಾಡುವಾಗ ಮೃತರು ಮರುದಿನ ಎಷ್ಟು ಐಸ್ ತುಂಬಿಸಬೇಕು ಎಂದು ಲೆಕ್ಕ ಹೇಳಿದರು ಎಂದು ತಾಂಡೇಲರು ನುಡಿದರು. ಗಾಳಿ ಎದ್ದದ್ದನ್ನು ಮೊದಲು ಗಮನಿಸಿ ಎದ್ದು ಹೋದದ್ದೂ ಮೃತರೇ. ಆಮೇಲೆ ಹಲಗೆಯ ಫೋಟೋ.

ತೀರ್ಪು ಬರುವ ಹಂತಕ್ಕೆ ವಿಷಯ ಹೋಗಲಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಪೂರ್ತಿ ಮೊತ್ತ ಸಿಗಲಿಲ್ಲ, ಆದರೆ ಮನೆಯವರು ಒಪ್ಪುವಷ್ಟು ಸಿಕ್ಕಿತು. ಮೃತರು ಅಮಲಿನಲ್ಲಿದ್ದರೋ ಇಲ್ಲವೋ ಎಂದು ಯಾವ ಪೀಠವೂ ಹೇಳಲಿಲ್ಲ. ಹೆಂಡತಿ ಆಯೋಗದ ಕಡತದಿಂದ ಮರುಪರೀಕ್ಷೆಯ ವರದಿಯ ದೃಢೀಕೃತ ಪ್ರತಿಯನ್ನು ಕೇಳಿ ಪಡೆದುಕೊಂಡರು.

ಇಂಥ ಕೆಲಸ ಮಾಡುವವರಿಗೆ

ನಮ್ಮ ಕರಾವಳಿಯಲ್ಲಿ ನೀರಿನಿಂದ ತಡವಾಗಿ ಸಿಗುವ ಶವಗಳು ಅಪರೂಪ ಅಲ್ಲ. ಪೋಸ್ಟ್‌ಮಾರ್ಟಂ ಮಾಡುವ ವೈದ್ಯರು ಕಣ್ಣಿನ ದ್ರವವನ್ನು, ಸಿಕ್ಕರೆ ಮೂತ್ರವನ್ನು ತೆಗೆದಿಡುವುದಕ್ಕೆ ಕೆಲವೇ ನಿಮಿಷ ಸಾಕು. ರಕ್ತ ತೊಡೆಯಿಂದ ಇರಲಿ, ಫ್ಲೋರೈಡ್ ತೂಕ ಮಾಡಿ ಹಾಕಿರಲಿ, ವಾರ್ಡಿನ ಸಕ್ಕರೆ ಟ್ಯೂಬು ಬೇಡ. ಶವ ಎಷ್ಟು ಕೊಳೆತಿತ್ತು ಎಂದು ಪ್ರಯೋಗಾಲಯಕ್ಕೆ ಹೋಗುವ ಪತ್ರದಲ್ಲೂ ಒಂದು ಸಾಲು ಬರೆಯಬೇಕು. ಇಲ್ಲಿ ಆ ಸಾಲು ಪೋಸ್ಟ್‌ಮಾರ್ಟಂ ವರದಿಯಲ್ಲೇ ಉಳಿದಿತ್ತು. ಅದನ್ನು ಓದಿದ್ದರೆ ಪ್ರಯೋಗಾಲಯದವರು ತಾವಾಗಿಯೇ ನಾಲ್ಕನೇ ಸೀಸೆ ತೆರೆಯುತ್ತಿದ್ದರೋ ಏನೋ. ಪ್ರಶ್ನೆ ಬರೆಯುವ ಪೊಲೀಸರಿಗೆ ಒಂದೇ ವಿನಂತಿ: 'ರಕ್ತದಲ್ಲಿ ಮದ್ಯ ಇದೆಯೇ' ಎಂಬುದರ ಬದಲು 'ಕಳಿಸಿದ ಎಲ್ಲ ದ್ರವಗಳಲ್ಲಿ ಮದ್ಯ ಎಷ್ಟಿದೆ' ಎಂದು ಕೇಳಿ.

ಮನೆಯವರಿಗೂ ವಕೀಲರಿಗೂ ಹೇಳುವುದು ಬೇರೆ. ಪರೀಕ್ಷೆ ಮುಗಿದ ಮಾದರಿಗಳನ್ನು ಪ್ರಯೋಗಾಲಯ ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ. ಈ ಪ್ರಕರಣದಲ್ಲಿ ಸೀಸೆಗಳು ಉಳಿದಿದ್ದವು, ಎಲ್ಲ ಕಡೆ ಉಳಿದಿರುತ್ತವೆ ಅಂತ ಇಲ್ಲ. ವರದಿಯ ಅಂಕಿಯ ಮೇಲೆ ಅನುಮಾನ ಬಂದರೆ ವಾದ ಆಮೇಲೆ ಹೂಡಿ. ಮೊದಲು ಉಳಿದ ಮಾದರಿಗಳನ್ನು ನಾಶ ಮಾಡಬೇಡಿ ಎಂದು ಕೋರ್ಟಿನ ಅಥವಾ ಆಯೋಗದ ಮೂಲಕ ಲಿಖಿತ ಆದೇಶ ಪಡೆಯಿರಿ, ಅದರ ಜೊತೆಗೇ ಮಾದರಿಗಳ ಪಟ್ಟಿ ಇರುವ ಪೊಲೀಸ್ ಪತ್ರದ ಪ್ರತಿಯನ್ನೂ ತರಿಸಿಕೊಳ್ಳಿ.